ತೋಪಿನ ನಳಿಗೆಗೂ ಬಂಡಿ ಗಾಲಿಗೂ ಏನು ನಂಟು?

ಪ್ರಶ್ನೆ: ಮಕ್ಕಳನ್ನು ಕರ್ಕೊಂಡು ಕಲಬುರಗಿ ಕೋಟೆಗೆ ಹೋಗಿದ್ದೆ. ಬಾರಾ ಗಜಿ ತೋಪು 29 ಅಡಿ ಉದ್ದ ಅಂತಾರೆ. ಈಗಿನ ಸೈನ್ಯದ ದೊಡ್ಡ ತೋಪುಗಳ ನಳಿಗೆ ಹೇಗೆ ಮಾಡ್ತಾರೆ ಸರ್? ಪೈಪಿನ ಹಾಗೆ ಎರಕ ಹೊಯ್ದುಬಿಡ್ತಾರಾ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಹಿಂದೆ ಎರಕವೂ ಇತ್ತು. ವಿಜಯಪುರದ ಮಲಿಕ್-ಎ-ಮೈದಾನ್ 1549ರಲ್ಲಿ ಎರಕ ಹೊಯ್ದದ್ದೇ. ಇನ್ನೊಂದು ದಾರಿ ಅಂದ್ರೆ, ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಕಾದ ಕಬ್ಬಿಣದ ಬಳೆಗಳನ್ನು ಒಂದರ ಪಕ್ಕ ಒಂದು ಏರಿಸೋದು. ನಮ್ಮ ಕಂಬಾರರು ಬಂಡಿ ಗಾಲಿಗೆ ಹಳಿ ಹಾಕುವಾಗ ನೋಡಿದ್ದೀರಲ್ವಾ? ಕೆಂಪಗೆ ಕಾದ ಹಳಿ, ಮೇಲೆ ನೀರು, ಚುಸ್ ಅಂತ ಹೊಗೆ, ಆಮೇಲೆ ಕಟ್ಟಿಗೆಯೆಲ್ಲ ಕಿರಕಿರ ಅಂತ ಬಿಗಿಯಾಗೋದು. ಅದೇ ಕೆಲಸ.

ಈಗ ನಮ್ಮ ಧನುಷ್ ತೋಪನ್ನೇ ತಗೊಳ್ಳಿ. ಬಾಯಿ 155 ಮಿಲಿಮೀಟರ್, ನಳಿಗೆ ಅದರ 45 ಪಟ್ಟು, ಅಂದ್ರೆ ಸುಮಾರು 7 ಮೀಟರ್. ಇಂಥ ನಳಿಗೆಗೆ ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಗಟ್ಟಿ ಉಕ್ಕು ಬೇಕು. ಅದನ್ನು ಕರಗಿಸಿ ಗಟ್ಟಿ ಮಾಡಿ, ಮತ್ತೆ ಕಾಯಿಸಿ, ಭಾರೀ ಪ್ರೆಸ್‌ನಲ್ಲಿ ಬಡಿದು ಉದ್ದ ಮಾಡ್ತಾರೆ. ಎರಕದಲ್ಲಿ ಒಳಗೆ ಸಣ್ಣ ಗುಳ್ಳೆ ಉಳಿದರೂ ಕಷ್ಟ, ಬಡಿದರೆ ಉಕ್ಕು ಒತ್ತಾಗುತ್ತದೆ. ಆಮೇಲೆ ಕಾಯಿಸಿ ಎಣ್ಣೆ ಅಥವಾ ನೀರಲ್ಲಿ ಅದ್ದಿ ಹದ ಕೊಡ್ತಾರೆ. ನಡುವೆ ತೂತು ಕೊರೆಯೋದೂ ಸುಮ್ನೆ ಕೆಲಸ ಅಲ್ಲ, ಏಳು ಮೀಟರ್ ಉದ್ದಕ್ಕೂ ಕೂದಲೆಳೆಯಷ್ಟೂ ಸೊಟ್ಟ ಆಗಬಾರದು.

ನನಗೆ ಎಲ್ಲಕ್ಕಿಂತ ಮಜಾ ಅನ್ನಿಸೋದು ಮುಂದಿನ ಹಂತ. ಗುಂಡು ಹಾರುವಾಗ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ 3,000 ಪಟ್ಟಿಗೂ ಜಾಸ್ತಿ. ತಡೆಯೋದು ಹೇಗೆ? ತೂತಿಗಿಂತ ತುಸು ದಪ್ಪನೆಯ ಗಟ್ಟಿ ಗೂಟವನ್ನು ಈ ಕಡೆಯಿಂದ ಆ ಕಡೆಗೆ ಬಲವಾಗಿ ತಳ್ಳುತ್ತಾರೆ, ಇಲ್ಲವೇ ನೀರು, ಎಣ್ಣೆಯಂಥ ದ್ರವ ತುಂಬಿ ಒತ್ತುತ್ತಾರೆ. ಒಳಗಿನ ಪದರ ಹಿಗ್ಗಿ ಹಾಗೇ ನಿಂತುಬಿಡುತ್ತದೆ. ಹೊರಗಿನ ಪದರ ಮಾತ್ರ ರಬ್ಬರಿನ ಹಾಗೆ ವಾಪಸ್ ಬರೋಕೆ ನೋಡುತ್ತಾ ಒಳಗಿನದನ್ನು ಸದಾ ಅಮುಕಿ ಹಿಡಿದಿರುತ್ತದೆ. ಗುಂಡು ಹಾರಿದಾಗ ಒತ್ತಡ ಮೊದಲು ಈ ಬಿಗಿತವನ್ನು ಸಡಿಲಿಸಬೇಕು, ಆಮೇಲಷ್ಟೇ ಉಕ್ಕನ್ನು ಎಳೆಯೋದು. ನಿಮ್ಮ ಬಂಡಿ ಗಾಲಿಯ ಹಳಿಯೇ ನೋಡಿ, ಬೇರೆ ಬಳೆ ಇಲ್ಲ ಅಷ್ಟೇ!

ಗುಂಡು ಬುಗುರಿಯ ಹಾಗೆ ತಿರುಗುತ್ತಾ ನೇರ ಹೋಗಲಿ ಅಂತ ಒಳಗೋಡೆಗೆ ಸುರುಳಿ ಗೀರು ಕೊರೆಯುತ್ತಾರೆ. ಬೇಗ ಸವೆಯದಿರಲಿ ಅಂತ ಎಷ್ಟೋ ನಳಿಗೆಗಳಿಗೆ ಒಳಗೆ ಕ್ರೋಮ್ ಲೇಪವೂ ಇರುತ್ತದೆ. ಕೊನೆಗೆ ಮಾಮೂಲಿಗಿಂತ ಜಾಸ್ತಿ ಒತ್ತಡ ಬರೋ ಹಾಗೆ ಮದ್ದು ತುಂಬಿ ಹೊಡೆದು, ತೂತನ್ನು ಮತ್ತೆ ಅಳೆಯುತ್ತಾರೆ. ಹಿಗ್ಗಿದ್ದರೆ ಆ ನಳಿಗೆ ಸೈನ್ಯದ ಮುಖ ನೋಡೋದಿಲ್ಲ.