ಪ್ರಿನ್ಸಿಪಾಲರಿಗೆ ಬಾಯಲ್ಲಿ ಹೇಳಿದರೆ ದೂರು ಕೊಟ್ಟಂತೆಯೇ?

ಉತ್ತರಿಸಿದವರು: ಕಾಲೇಜುಗಳ ಆಂತರಿಕ ದೂರು ಸಮಿತಿಗಳಲ್ಲಿ ಹೊರಗಿನ ಸದಸ್ಯೆಯಾಗಿರುವ ವಕೀಲೆ

ಪ್ರಶ್ನೆ: ಮೇಡಂ, ನಾನು ಕಾರವಾರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಊರು ಶಿರಸಿ ಹತ್ತಿರದ ಹಳ್ಳಿ. ಡಿಸೆಂಬರ್ ಎರಡನೇ ವಾರ ಕಡಲತೀರಕ್ಕೆ ಫೀಲ್ಡ್ ವರ್ಕ್‌ಗೆ ಹೋಗಿದ್ದೆವು. ವಾಪಸ್ ಬರುವಾಗ ವ್ಯಾನಿನಲ್ಲಿ ಪ್ರಾಜೆಕ್ಟ್ ಗೈಡ್ ಪಕ್ಕಕ್ಕೆ ಬಂದು ಕೂತು ಸೊಂಟದ ಮೇಲೆ ಕೈ ಇಟ್ಟರು. ಸರಿಸಿದರೂ ಮತ್ತೆ ಇಟ್ಟರು. ಆಮೇಲೆ ರಾತ್ರಿ ಹನ್ನೊಂದರ ಮೇಲೆ ಕೆಟ್ಟ ಕೆಟ್ಟ ಮೆಸೇಜ್ ಶುರುವಾಯಿತು. ಕೊನೆಯದು ಫೆಬ್ರವರಿ 18ರದ್ದು: ‘ಇಂಟರ್ನಲ್ ಅಂಕ ನನ್ನ ಕೈಲಿದೆ, ನೆನಪಿರಲಿ.’ ಪ್ರಿನ್ಸಿಪಾಲರಿಗೆ ಹೇಳಿದೆ. ‘ನಾನು ಬುದ್ಧಿ ಹೇಳುತ್ತೇನೆ, ಕಾಲೇಜಿನ ಹೆಸರು ಹಾಳಾಗುವುದು ಬೇಡ, ನಾಳೆ ನಿನ್ನ ಮದುವೆಗೂ ತೊಂದರೆ’ ಎಂದರು. ಮನೆಯಲ್ಲಿ ಗೊತ್ತಾದರೆ ಓದು ಬಿಡಿಸುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಕಾರವಾರ

ಉತ್ತರ: ಈ ಪತ್ರ ಮಾರ್ಚ್ ಮೊದಲ ವಾರ ಬಂತು. ಅಂದೇ ಇವರಿಗೆ ಖಾಸಗಿಯಾಗಿ ಉತ್ತರ ಬರೆದೆ. ಇದೇ ಕಷ್ಟದಲ್ಲಿ ಇನ್ನೂ ಹಲವರು ಇರಬಹುದು ಎಂದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಇಲ್ಲಿ ಕೊಡುತ್ತಿದ್ದೇನೆ.

ತಂಗಿ, ನಿಮ್ಮ ಕಡೆಯಿಂದ ಯಾವ ತಪ್ಪೂ ಆಗಿಲ್ಲ. ನೀವು ಕೈ ಸರಿಸಿದಿರಿ, ಹಿರಿಯರಿಗೆ ಹೇಳಿದಿರಿ. ಆದರೆ ಒಂದು ಕೆಲಸ ಬಾಕಿ ಇದೆ, ಅದಕ್ಕೆ ದಿನ ಜಾಸ್ತಿ ಇಲ್ಲ. ಬಾಯಲ್ಲಿ ಹೇಳಿದ್ದು ಕಾನೂನಿನ ಲೆಕ್ಕದಲ್ಲಿ ದೂರು ಆಗುವುದಿಲ್ಲ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲೂ, ಕಾಲೇಜುಗಳಿಗಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಮಾಡಿದ 2015ರ ನಿಯಮದಲ್ಲೂ ದೂರು ಬರಹದಲ್ಲೇ ಇರಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕು. ಸರಿಯಾದ ಕಾರಣ ಇದ್ದರೆ ಕಾಲೇಜಿನ ಆಂತರಿಕ ದೂರು ಸಮಿತಿ ಇನ್ನು ಮೂರು ತಿಂಗಳು ಕೊಡಬಹುದು. ಅಲ್ಲಿಗೆ ಮುಗಿಯಿತು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ಸಮಿತಿಗೆ ಹುಡುಗಿಯೊಬ್ಬಳು ಎಂಟನೇ ತಿಂಗಳಲ್ಲಿ ಬಂದಳು. ಘಟನೆಯಾದ ವಾರದೊಳಗೇ ವಿಭಾಗದ ಮುಖ್ಯಸ್ಥರಿಗೆ ಹೇಳಿದ್ದಳು. ‘ನೋಡೋಣ’ ಎಂದಿದ್ದರಂತೆ. ಪರೀಕ್ಷೆ ಬಂತು, ರಜೆ ಬಂತು. ಅವಳು ಹೇಳಿದ್ದಕ್ಕೆ ಒಂದು ತುಂಡು ಕಾಗದ ಎಲ್ಲೂ ಇರಲಿಲ್ಲ. ಅವಳ ಮಾತು ನಿಜ ಎಂದು ನನಗೆ ಅನಿಸಿತ್ತು. ಆದರೂ ನಮ್ಮ ಕೈ ಕಟ್ಟಿಹೋಗಿತ್ತು. ಅವತ್ತು ಮನೆಗೆ ಬಂದು ಊಟ ಸೇರಲಿಲ್ಲ.

ಈಗ ನಿಮ್ಮ ತಾರೀಕು ಲೆಕ್ಕ ಹಾಕೋಣ. ಒಂದಾದ ಮೇಲೊಂದು ಘಟನೆ ನಡೆದಿದ್ದರೆ ಮೂರು ತಿಂಗಳನ್ನು ಕೊನೆಯ ಘಟನೆಯಿಂದ ಎಣಿಸುತ್ತಾರೆ. ಹಾಗೆ ನೋಡಿದರೆ ನಿಮಗೆ ಮೇ 18ರವರೆಗೆ ಸಮಯ ಇದೆ. ಆದರೆ ಅದನ್ನು ನಂಬಿ ಕೂರಬೇಡಿ. ಕೊನೆಯ ಮೆಸೇಜು ಅಂಕದ ಬಗ್ಗೆ, ಅದರಲ್ಲಿ ಲೈಂಗಿಕ ಮಾತೇ ಇಲ್ಲ ಎಂದು ಎದುರಿನವರು ವಾದಿಸಬಹುದು. ಬೆದರಿಕೆ ಹಾಕಿ ಹೆದರಿಸುವುದೂ ಕಿರುಕುಳದ ಭಾಗವೇ ಎಂದು ನಾವು ಹೇಳಬಹುದು, ನಿಯಮವೂ ಹಾಗೇ ಹೇಳುತ್ತದೆ. ಆದರೂ ಅದು ವಾದ. ಕೋಲ್ಕತ್ತದ ಕಾನೂನು ವಿಶ್ವವಿದ್ಯಾಲಯದ ಅಧ್ಯಾಪಕಿಯೊಬ್ಬರು ಕುಲಪತಿಯ ಮೇಲೆ ದೂರು ಕೊಟ್ಟ ಪ್ರಕರಣದಲ್ಲಿ ಇದೇ ಆಯಿತು. ಕೊನೆಯ ಘಟನೆ 2023ರ ಏಪ್ರಿಲ್, ದೂರು ಡಿಸೆಂಬರ್. ನಡುವೆ ತನ್ನನ್ನು ಹುದ್ದೆಯಿಂದ ತೆಗೆದದ್ದೂ ಅದರದ್ದೇ ಮುಂದುವರಿಕೆ ಎಂದು ಅವರು ಹೇಳಿದರು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಅದು ಆಡಳಿತದ ಕ್ರಮ ಎಂದಿತು. ತೀರ್ಪನ್ನು ಆ ಕುಲಪತಿಯ ಬಯೋಡೇಟಾದಲ್ಲಿ ಸೇರಿಸಬೇಕು ಎಂದು ಹೇಳಿತು ನಿಜ, ಆದರೆ ದೂರು ಬಿದ್ದುಹೋಯಿತು. ಹಾಗಾಗಿ ವ್ಯಾನಿನ ಘಟನೆಗೆ ಮೂರು ತಿಂಗಳು ತುಂಬುವ ಮೊದಲೇ, ಅಂದರೆ ಈ ವಾರವೇ ಕೊಡಿ.

ದೂರು ಹೋಗಬೇಕಾದದ್ದು ಪ್ರಿನ್ಸಿಪಾಲರಿಗಲ್ಲ, ಆಂತರಿಕ ದೂರು ಸಮಿತಿಯ ಅಧ್ಯಕ್ಷೆಗೆ. ಅಧ್ಯಕ್ಷೆ ಹಿರಿಯ ಅಧ್ಯಾಪಕಿಯೇ ಆಗಿರಬೇಕು. ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಹೊರಗಿನವರು ಒಬ್ಬರು, ವಿದ್ಯಾರ್ಥಿಗಳ ವಿಷಯವಾದರೆ ಚುನಾಯಿತರಾದ ವಿದ್ಯಾರ್ಥಿಗಳು ಮೂವರು. ಆಡಳಿತದ ಮೇಲಿನ ಹುದ್ದೆಯಲ್ಲಿರುವವರು ಇದರಲ್ಲಿ ಕೂರುವಂತಿಲ್ಲ. ಸದಸ್ಯರ ಹೆಸರು ನೋಟಿಸ್ ಬೋರ್ಡಿನಲ್ಲಿ ಇರಬೇಕು. ಸಮಿತಿಯನ್ನೇ ಮಾಡಿಲ್ಲ ಎಂದಾದರೆ ಅದೇ ಒಂದು ಅಪರಾಧ, 50,000 ರೂಪಾಯಿವರೆಗೆ ದಂಡ ಇದೆ. ಆಗ ಕಾರವಾರದ ಜಿಲ್ಲಾಧಿಕಾರಿಗೆ ಬರೆದುಕೊಡಿ.

ಬರೆಯುವಾಗ ದೊಡ್ಡ ದೊಡ್ಡ ಪದ ಬೇಡ. ಯಾವತ್ತು, ಎಲ್ಲಿ, ಎಷ್ಟು ಹೊತ್ತಿಗೆ, ಅವರೇನು ಮಾಡಿದರು, ನೀವೇನು ಮಾಡಿದಿರಿ, ಹತ್ತಿರ ಯಾರಿದ್ದರು, ಅಷ್ಟು ಸಾಕು. ‘ಅಸಭ್ಯವಾಗಿ ವರ್ತಿಸಿದರು’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ‘ಸೊಂಟದ ಮೇಲೆ ಕೈ ಇಟ್ಟರು, ಸರಿಸಿದೆ, ಮತ್ತೆ ಇಟ್ಟರು’ ಎಂದೇ ಬರೆಯಿರಿ. ಮುಜುಗರ ಆಗುತ್ತದೆ, ಗೊತ್ತು. ಬರೆಯಲು ಕೈ ಬರದಿದ್ದರೆ ಬರೆಯಲು ಸಹಾಯ ಮಾಡುವುದು ಸಮಿತಿಯ ಕರ್ತವ್ಯ, ಉಪಕಾರ ಅಲ್ಲ. ಪ್ರಿನ್ಸಿಪಾಲರಿಗೆ ಹೇಳಿದ ದಿನವನ್ನೂ ಸೇರಿಸಿ. ಒಟ್ಟು ಆರು ಪ್ರತಿ ಕೊಡಬೇಕು, ಏಳನೆಯದು ನಿಮಗೆ. ಅದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳದೆ ಕೋಣೆಯಿಂದ ಹೊರಗೆ ಬರಬೇಡಿ. ಕೊಡಲು ಒಪ್ಪದಿದ್ದರೆ ಇ-ಮೇಲ್ ಮಾಡಿ, ರಿಜಿಸ್ಟರ್ಡ್ ಅಂಚೆಯಲ್ಲೂ ಹಾಕಿ.

ಫೋನಿನಿಂದ ಒಂದು ಮೆಸೇಜೂ ಅಳಿಸಬೇಡಿ. ಸಿಟ್ಟಿಗೆ ಬ್ಲಾಕ್ ಮಾಡಿ ಡಿಲೀಟ್ ಮಾಡುವವರೇ ಜಾಸ್ತಿ, ಆಮೇಲೆ ಪರದಾಡುತ್ತಾರೆ. ನಂಬರ್ ಮತ್ತು ತಾರೀಕು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ನಂಬಿಕೆಯ ಒಬ್ಬರಿಗೆ ಕಳಿಸಿಡಿ. ಫೋನು ಬದಲಿಸಬೇಡಿ, ಮುಂದೆ ಮೂಲ ಫೋನೇ ಬೇಕಾಗಬಹುದು. ಅವತ್ತು ರಾತ್ರಿ ಗೆಳತಿಗೆ ಹೇಳಿಕೊಂಡಿದ್ದರೆ ಆ ಮೆಸೇಜೂ ಸಾಕ್ಷಿಯೇ.

‘ವ್ಯಾನು ಕಾಲೇಜಿನ ಹೊರಗೆ ಇತ್ತು’ ಎಂದು ಯಾರಾದರೂ ಹೇಳಿದರೆ ಹೆದರಬೇಡಿ. ಯುಜಿಸಿ ನಿಯಮದ ಪ್ರಕಾರ ಕ್ಯಾಂಪಸ್ ಎಂದರೆ ಕಂಪೌಂಡ್ ಒಳಗಿನ ಜಾಗ ಮಾತ್ರ ಅಲ್ಲ. ಫೀಲ್ಡ್ ಟ್ರಿಪ್, ಪ್ರವಾಸ, ಶಿಬಿರ, ಕಾಲೇಜು ಕೊಟ್ಟ ವಾಹನ ಎಲ್ಲವೂ ಅದರಲ್ಲಿ ಬರುತ್ತದೆ.

ಅಂಕದ ಭಯ ನಿಮ್ಮನ್ನು ಕಟ್ಟಿಹಾಕಿದೆ ಅಲ್ವಾ? ಅದಕ್ಕೂ ದಾರಿ ಇದೆ. ನಿಮ್ಮ ಪ್ರಾಜೆಕ್ಟು, ಪರೀಕ್ಷೆ, ಅಂಕ ಯಾವುದನ್ನೂ ಆ ವ್ಯಕ್ತಿ ನೋಡಬಾರದು ಎಂದು ವಿಚಾರಣೆ ನಡೆಯುವಾಗಲೇ ಸಮಿತಿ ಶಿಫಾರಸು ಮಾಡಬಹುದು. ಗೈಡ್ ಬದಲಿಸಬಹುದು. ಇದನ್ನು ದೂರಿನ ಕೊನೆಯಲ್ಲಿ ಸ್ಪಷ್ಟವಾಗಿ ಕೇಳಿ. ಕೇಳದಿದ್ದರೆ ತಾವಾಗಿ ಕೊಡುವವರು ಕಡಿಮೆ.

ಇನ್ನು ‘ಬುದ್ಧಿ ಹೇಳುತ್ತೇನೆ’ ಎಂಬ ಮಾತು. ರಾಜಿ ಬೇಕು ಎಂದು ನೀವು ಕೇಳಿದರೆ ಮಾತ್ರ ರಾಜಿ. ಬೇರೆಯವರು ಅದನ್ನು ನಿಮ್ಮ ಮೇಲೆ ಹೇರುವಂತಿಲ್ಲ. ದುಡ್ಡಿನ ರಾಜಿಯಂತೂ ನಿಷೇಧ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ವರದಿ ಕೈಸೇರಿದ 30 ದಿನದಲ್ಲಿ, ಯಾರೂ ಮೇಲ್ಮನವಿ ಹೋಗದಿದ್ದರೆ, ಕಾಲೇಜು ಕ್ರಮ ತೆಗೆದುಕೊಳ್ಳಬೇಕು. ಆ ಗೈಡಿಗೂ ಉತ್ತರ ಕೊಡಲು, ಸಾಕ್ಷಿ ತರಲು ಅವಕಾಶ ಸಿಗುತ್ತದೆ. ಇದು ನೋವು ಕೊಡುತ್ತದೆ, ಆದರೆ ನಿಮ್ಮ ಹಿತಕ್ಕೇ ಬೇಕು. ಕಾಳಿ ನದಿ ದಾಟಿ ಸ್ವಲ್ಪ ಹೋದರೆ ಸಿಗುವ ಗೋವಾದ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರೊಬ್ಬರನ್ನು ಇಂಥ ದೂರಿನ ಮೇಲೆ ಕೆಲಸದಿಂದ ತೆಗೆದಿದ್ದರು. ಸಮಿತಿ ಅವಸರ ಮಾಡಿ ಅವರಿಗೆ ಸರಿಯಾಗಿ ಅವಕಾಶ ಕೊಡಲಿಲ್ಲ ಎಂದು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ರದ್ದು ಮಾಡಿತು. ವರ್ಷಗಟ್ಟಲೆ ಕಾದ ಮೇಲೆ ಮತ್ತೆ ವಿಚಾರಣೆ ಎಂದರೆ ದೂರು ಕೊಟ್ಟವರ ಪಾಡೇನು? ಅದಕ್ಕೇ ಸಮಿತಿ ನಿಧಾನವಾಗಿ, ಕ್ರಮವಾಗಿ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ.

ಮನೆಯ ವಿಷಯ. ನೀವು 18 ದಾಟಿದವರು. ದೂರಿಗೆ ತಂದೆತಾಯಿಯ ಸಹಿ ಬೇಡ, ಅವರಿಗೆ ತಿಳಿಸಬೇಕೆಂಬ ನಿಯಮವೂ ಇಲ್ಲ. ನಿಮ್ಮ ಹೆಸರು, ಸಾಕ್ಷಿಗಳ ಹೆಸರು ಹೊರಗೆ ಬರಬಾರದು. ಆದರೆ ನಮ್ಮ ಜಿಲ್ಲೆ ಹೇಗೆಂದು ನಿಮಗೂ ಗೊತ್ತು. ಶಿರಸಿ ಬಸ್ಸು ಹತ್ತಿದರೆ ಪಕ್ಕದವರು ‘ಯಾರ ಮನೆ ಮಗಳು?’ ಎಂದು ಕೇಳಿಯೇ ಕೇಳುತ್ತಾರೆ. ಸುದ್ದಿ ಬೇರೆಯವರ ಬಾಯಿಂದ ಮನೆ ತಲುಪುವ ಮೊದಲು ನೀವೇ ಹೇಳುವುದು ಒಳ್ಳೆಯದು ಎಂದು ನನಗನಿಸುತ್ತದೆ. ಅಪ್ಪನಿಗೆ ಆಗದಿದ್ದರೆ ಚಿಕ್ಕಮ್ಮನಿಗೋ ಅತ್ತಿಗೆಗೋ. ನಿಮ್ಮ ಪರವಾಗಿ ಮಾತಾಡುವವರು ಒಬ್ಬರು ಮನೆಯೊಳಗೆ ಇರಲಿ. ಇದು ಕಾನೂನಲ್ಲ, ನನ್ನ ಅಭಿಪ್ರಾಯ. ತೀರ್ಮಾನ ನಿಮ್ಮದು.

ಪೊಲೀಸರ ಹತ್ತಿರವೂ ಹೋಗಬಹುದು. ಸಮಿತಿಗೆ ಕೊಟ್ಟರೆ ಪೊಲೀಸರಿಗೆ ಕೊಡಬಾರದು ಎಂದೇನಿಲ್ಲ. ಭಾರತೀಯ ನ್ಯಾಯ ಸಂಹಿತೆಯ 75ನೇ ಸೆಕ್ಷನ್ ಲೈಂಗಿಕ ಕಿರುಕುಳದ್ದು. ಘಟನೆ ಕಾರವಾರದ್ದಾದರೂ ನೀವು ಊರಿಗೆ ಹೋದಾಗ ಶಿರಸಿ ಠಾಣೆಯಲ್ಲೇ ದೂರು ಕೊಡಬಹುದು, ಅದನ್ನು ಝೀರೋ ಎಫ್‌ಐಆರ್ ಎನ್ನುತ್ತಾರೆ. ನಿಮ್ಮ ಮಾತನ್ನು ಮಹಿಳಾ ಪೊಲೀಸ್ ಅಧಿಕಾರಿಯೇ ಬರೆದುಕೊಳ್ಳಬೇಕು. ಎಫ್‌ಐಆರ್ ಪ್ರತಿ ಉಚಿತ. ವಕೀಲರಿಗೆ ದುಡ್ಡಿಲ್ಲ ಎಂಬ ಚಿಂತೆ ಬೇಡ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ, 15100ಕ್ಕೆ ಕರೆ ಮಾಡಿ. ಸಮಿತಿಯ ಎದುರು ಮಾತ್ರ ವಕೀಲರನ್ನು ಕರೆತರುವಂತಿಲ್ಲ. ಆ ನಿಯಮ ಎದುರಿನವರಿಗೂ ಅಷ್ಟೇ.

ಪ್ರಶ್ನೆ: ನಾನು ಕುಮಟಾದಲ್ಲಿ ಉಪನ್ಯಾಸಕಿ. ಬಿ.ಎ. ಮೊದಲ ವರ್ಷದ ಹುಡುಗಿ ಹೀಗೇ ಒಂದು ವಿಷಯ ಹೇಳಿ ಅತ್ತಳು. ‘ಯಾರಿಗೂ ಹೇಳಬೇಡಿ’ ಎಂದು ಆಣೆ ಹಾಕಿಸಿಕೊಂಡಿದ್ದಾಳೆ.

ಉತ್ತರ: ಮೊದಲು ಅವಳ ಹುಟ್ಟಿದ ತಾರೀಕು ನೋಡಿ. ಮೊದಲ ವರ್ಷದವರಲ್ಲಿ 18 ತುಂಬದವರು ಎಷ್ಟೋ ಮಂದಿ ಇರುತ್ತಾರೆ. 18 ತುಂಬಿಲ್ಲದಿದ್ದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆ ಅನ್ವಯಿಸುತ್ತದೆ. ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ನಿಮ್ಮ ಮೇಲೇ ಕೇಸು ಆಗಬಹುದು. ಇದನ್ನು ಅವಳ ಎದುರಿಗೆ ಕೂತು, ಮೆಲ್ಲಗೆ, ಮುಚ್ಚುಮರೆ ಇಲ್ಲದೆ ಹೇಳಿ. ಬೆನ್ನ ಹಿಂದೆ ಮಾಡಿದರೆ ಅವಳು ಮತ್ತೆ ಯಾರನ್ನೂ ನಂಬುವುದಿಲ್ಲ.

18 ತುಂಬಿದ್ದರೆ ತೀರ್ಮಾನ ಅವಳದ್ದು. ಅವಳು ಲಿಖಿತವಾಗಿ ಒಪ್ಪಿದರೆ ಅವಳ ಪರವಾಗಿ ನೀವೇ ದೂರು ಕೊಡಬಹುದು. ಒಪ್ಪದಿದ್ದರೂ ಅವಳು ಹೇಳಿದ್ದನ್ನು ಅವಳ ಮಾತಲ್ಲೇ ತಾರೀಕು ಹಾಕಿ ಬರೆದಿಡಿ. ಮೂರು ತಿಂಗಳು ಯಾವಾಗ ತುಂಬುತ್ತದೆ ಎಂದೂ ಅವಳಿಗೆ ಹೇಳಿ. ಸುಮ್ನೆ ಸಮಾಧಾನ ಹೇಳಿ ಕಳಿಸಬೇಡಿ.

ಪ್ರಶ್ನೆ: ನಾನು ಹುಡುಗ. ಹೊನ್ನಾವರದ ಹಾಸ್ಟೆಲಿನಲ್ಲಿ ಸೀನಿಯರ್‌ಗಳು ಬಟ್ಟೆ ಬಿಚ್ಚಿಸಿ ವಿಡಿಯೋ ಮಾಡಿದರು. ಈ ಸಮಿತಿ ಹುಡುಗಿಯರಿಗೆ ಮಾತ್ರವೇ?

ಉತ್ತರ: 2013ರ ಕಾಯ್ದೆ ಮಹಿಳೆಯರಿಗೆ. ಆದರೆ ಹುಡುಗರೂ ತೃತೀಯ ಲಿಂಗದ ವಿದ್ಯಾರ್ಥಿಗಳೂ ಇಂಥ ಕಿರುಕುಳಕ್ಕೆ ಸಿಕ್ಕಬಹುದು ಎಂದು ಯುಜಿಸಿ ನಿಯಮವೇ ಹೇಳುತ್ತದೆ. ನೀವೂ ಸಮಿತಿಗೆ ದೂರು ಕೊಡಿ. ಇದು ರ‍್ಯಾಗಿಂಗ್ ಕೂಡ ಹೌದು. ಅದರ ಸಹಾಯವಾಣಿ 1800-180-5522ಕ್ಕೆ ಇವತ್ತೇ ಕರೆ ಮಾಡಿ, ಹೆಸರು ಹೇಳದೆಯೂ ಮಾತಾಡಬಹುದು. ವಿಡಿಯೋ ಹರಿದಾಡುತ್ತಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಿ. ಒಬ್ಬರೇ ಹೋಗಬೇಡಿ, ರೂಮ್‌ಮೇಟ್ ಒಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಿ. ನಿಮಗೂ ಅದೇ ಮಾತು: ದೂರು ಕಾಗದದಲ್ಲಿರಲಿ, ಸೀಲು ಹಾಕಿದ ಪ್ರತಿ ನಿಮ್ಮ ಕೈಲಿರಲಿ.