ಸಂಪಾದಕರ ಉತ್ತರ: ನಮ್ಮೂರಿಗೆ ಹೊಸ ಬಸ್ ಯಾಕೆ ಬರಲ್ಲ?

ನಮಸ್ಕಾರ. ಮಲೆನಾಡಿನ ಮೂಲೆಯಿಂದ ನೀವು ಬರೆದ ಮೂರು ಪುಟದ ಕಾಗದ ಸಿಕ್ಕಿತು. ಬೆಳಿಗ್ಗೆ 7.40ಕ್ಕೆ ನಿಮ್ಮೂರಿಂದ ತಾಲ್ಲೂಕಿಗೆ ಹೊರಡುವ ಬಸ್ಸಿನಲ್ಲಿ ಮಳೆ ಬಂದರೆ ಒಳಗೇ ಕೊಡೆ ಬಿಡಿಸಬೇಕು, ಅದೇ ಡಿಪೋದಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ ಮಾತ್ರ ಫಳಫಳ ಹೊಸದು ಅಂತ ಬರೆದಿದ್ದೀರಿ. ‘ಇದನ್ನೆಲ್ಲ ಯಾರು, ಯಾವ ಲೆಕ್ಕದಲ್ಲಿ ತೀರ್ಮಾನ ಮಾಡ್ತಾರೆ? ನಾವೇನು ಮಲತಾಯಿ ಮಕ್ಕಳಾ?’ ಅನ್ನೋದು ನಿಮ್ಮ ಪ್ರಶ್ನೆ.

ಮೊದಲು ಒಂದು ಮಾತು. ಹೊಸ ಬಸ್ ಊರಿಗೆ ಬರುವುದಿಲ್ಲ, ಶೆಡ್ಯೂಲ್‌ಗೆ ಬರುತ್ತದೆ. ಒಂದು ಬಸ್ ಡಿಪೋ ಬಿಟ್ಟು ಮತ್ತೆ ಡಿಪೋ ಸೇರುವವರೆಗೆ ಮಾಡುವ ಅಷ್ಟೂ ಟ್ರಿಪ್ ಸೇರಿ ಒಂದು ಶೆಡ್ಯೂಲ್. ನಿಮ್ಮ 7.40ರ ಬಸ್ಸು ಮಧ್ಯಾಹ್ನ ಇನ್ಯಾವುದೋ ಊರಿಗೆ ಹೋಗಿ, ಸಂಜೆ ಮತ್ತೊಂದು ಕಡೆ ತಿರುಗಿ ಬರುತ್ತಿರಬಹುದು. ನಮ್ಮ ರಾಜ್ಯದಲ್ಲಿ ಸಾರಿಗೆ ನಿಗಮಗಳು ನಾಲ್ಕು. ಬಸ್ ಕೊಳ್ಳುವುದು ನಿಗಮ. ಅದನ್ನು ವಿಭಾಗಗಳಿಗೆ ಹಂಚುತ್ತಾರೆ, ವಿಭಾಗದಿಂದ ಡಿಪೋಗೆ ಬರುತ್ತದೆ, ಡಿಪೋದಲ್ಲಿ ಶೆಡ್ಯೂಲ್‌ಗೆ ಹಾಕುತ್ತಾರೆ. ಎಷ್ಟೋ ಸಲ ಬಸ್ ಕಟ್ಟುವ ಮೊದಲೇ ಅದು ಓಡುವ ದಾರಿ ಗೊತ್ತಾಗಿರುತ್ತದೆ. 2023ರಲ್ಲಿ ಬಂದ ‘ಪಲ್ಲಕ್ಕಿ’ ಮಲಗಿ ಹೋಗುವ ಬಸ್ಸು. ಅದನ್ನು ತಂದು ನಿಮ್ಮೂರಿನ ಮಣ್ಣು ರಸ್ತೆಗೆ ಹಾಕೋಕಾಗಲ್ಲ, ಅಲ್ವಾ?

ಇನ್ನು ಲೆಕ್ಕ. ದಿನಕ್ಕೆ 500 ಕಿ.ಮೀ. ಓಡುವ ಬಸ್ಸು ವರ್ಷಕ್ಕೆ 1.8 ಲಕ್ಷ ಕಿ.ಮೀ. ದಾಟುತ್ತದೆ. ಹಳ್ಳಿ ಸುತ್ತುವ ಬಸ್ಸು ದಿನಕ್ಕೆ 200 ಓಡಿದರೆ ವರ್ಷಕ್ಕೆ 73 ಸಾವಿರ. ಎರಡೂ ಒಂದೇ ದಿನ ರಸ್ತೆಗಿಳಿದರೂ ಐದು ವರ್ಷಕ್ಕೆ ಒಂದು ಮುದುಕ, ಇನ್ನೊಂದು ಇನ್ನೂ ನಡುವಯಸ್ಸು. ರಾತ್ರಿ ಎರಡು ಗಂಟೆಗೆ ಡಿಪೋದಿಂದ 300 ಕಿ.ಮೀ. ದೂರದಲ್ಲಿ ಬಸ್ ಕೆಟ್ಟು ನಿಂತರೆ ಪ್ರಯಾಣಿಕರ ಪಾಡು ಬೇಡ. ನಿಮ್ಮೂರ ಹತ್ತಿರ ಕೆಟ್ಟರೆ ಡಿಪೋದಿಂದ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಬರಬಹುದು. ಮೇಲಾಗಿ ರಾತ್ರಿ ರೂಟಿನಲ್ಲಿ ಖಾಸಗಿ ಬಸ್ಸುಗಳ ಪೈಪೋಟಿ. ಹಾಗಾಗಿ ಹೊಸದು ಮೊದಲು ದೂರದ ದಾರಿಗೆ, ಅಲ್ಲಿ ಸವೆದ ಮೇಲೆ ಹಳ್ಳಿಗೆ.

ನಾನೇ ಒಂದು ಬಸ್ ಸ್ಟ್ಯಾಂಡಿನಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಹಳ್ಳಿಗೆ ಹೊರಟ ಕೆಂಪು ಬಸ್ಸೊಂದರ ಪಕ್ಕದ ತಗಡಿಗೆ ಹೊಸದಾಗಿ ಬಣ್ಣ ಬಳಿದಿದ್ದರು. ಬಿಸಿಲು ಓರೆಯಾಗಿ ಬಿದ್ದಾಗ ಬಣ್ಣದ ಅಡಿಯಿಂದ ‘ವೇಗದೂತ’ ಅನ್ನುವ ಅಕ್ಷರಗಳು ಉಬ್ಬಿ ಕಾಣುತ್ತಿದ್ದವು. ಒಂದು ಕಾಲದಲ್ಲಿ ಊರೂರು ದಾಟಿ ಓಡಿದ್ದು, ಈಗ ಪ್ರತಿ ಕಟ್ಟೆಗೂ ನಿಲ್ಲುತ್ತಿತ್ತು. ನಿಮ್ಮ 7.40ರದ್ದೂ ಇಂಥದ್ದೇ ಇರಬಹುದು. ಒಮ್ಮೆ ನೋಡಿ.

ಇಲ್ಲಿವರೆಗಿನದು ನ್ಯಾಯವೇ ಅನ್ನಿ. ನನಗೆ ತಕರಾರು ಇರುವುದು ಮುಂದಿನದರ ಬಗ್ಗೆ. ಡಿಪೋದಲ್ಲಿ ಎಲ್ಲರ ಬಾಯಲ್ಲೂ ಓಡಾಡುವ ಒಂದು ಮಾತಿದೆ: ಇಪಿಕೆಎಂ. ಅಂದರೆ ಬಸ್ಸು ಒಂದು ಕಿಲೋಮೀಟರ್ ಓಡಿದರೆ ಎಷ್ಟು ರೂಪಾಯಿ ತಂದಿತು ಅನ್ನುವ ಲೆಕ್ಕ. ಇದು ಚೆನ್ನಾಗಿದ್ದರೆ ಆ ಶೆಡ್ಯೂಲ್‌ಗೆ ಮರ್ಯಾದೆ. ಈ ಲೆಕ್ಕಕ್ಕೆ ಆಧಾರ ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಮಷಿನ್. ನಿಮ್ಮ ಬಸ್ಸಿನಲ್ಲಿ ಕಾಲಿಡಲು ಜಾಗ ಇಲ್ಲದಷ್ಟು ಕಾಲೇಜು ಹುಡುಗರು ನಿಂತಿರುತ್ತಾರೆ ಅಂದಿರಿ. ಅವರೆಲ್ಲ ಪಾಸ್ ತೋರಿಸುವವರು. ಪಾಸ್ ತೋರಿಸಿದರೆ ಮಷಿನ್‌ನಿಂದ ಟಿಕೆಟ್ ಬರುವುದಿಲ್ಲ. ಬಸ್ಸು ತುಂಬಿದೆ, ಮಷಿನ್ ಖಾಲಿ!

ಹೆಣ್ಣುಮಕ್ಕಳ ವಿಷಯ ಬೇರೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದಾಗಿನಿಂದ ಅವರಿಗೆ ಶೂನ್ಯ ಟಿಕೆಟ್ ಕೊಡುತ್ತಾರೆ. ಕೈಗೆ ಬರುವುದು ಸೊನ್ನೆ ರೂಪಾಯಿ ಟಿಕೆಟ್ ಆದರೂ ಅದರ ಹಿಂದೆ ನಿಜವಾದ ದರದ ಲೆಕ್ಕ ಇರುತ್ತದೆ. ಆ ದುಡ್ಡನ್ನು ನಿಗಮ ಸರ್ಕಾರದಿಂದ ಕೇಳುತ್ತದೆ. ‘ಫ್ರೀ ತಾನೆ’ ಅಂತ ಟಿಕೆಟ್ ತಗೊಳ್ಳದೆ ಸುಮ್ನೆ ಕೂತರೆ ನಿಮ್ಮೂರಿನ ಒಂದು ತಲೆ ಲೆಕ್ಕಕ್ಕೆ ಸಿಗಲಿಲ್ಲ ಅಂತಲೇ. ನಿಮ್ಮ ಮನೆಯವರಿಗೂ ಹೇಳಿ.

ಈ ಇಪಿಕೆಎಂ ಒಂದನ್ನೇ ನೋಡಿ ಬಸ್ ಹಂಚಿದರೆ ಏನಾಗುತ್ತೆ ಗೊತ್ತಾ? ಹಳೇ ಬಸ್ಸು ವಾರಕ್ಕೆರಡು ದಿನ ಕೈ ಕೊಡುತ್ತದೆ. ಜನ ಬೇಸತ್ತು ಟೆಂಪೋ ಹತ್ತುತ್ತಾರೆ, ಇಲ್ಲವೇ ಸಾಲ ಮಾಡಿ ಸ್ಕೂಟರ್ ತಗೊಳ್ಳುತ್ತಾರೆ. ಆದಾಯ ಇನ್ನೂ ಇಳಿಯುತ್ತದೆ. ಆಮೇಲೆ ‘ಈ ರೂಟಿನಲ್ಲಿ ಜನವೇ ಇಲ್ಲ, ಹೊಸ ಬಸ್ ಯಾಕೆ?’ ಅನ್ನುತ್ತಾರೆ. ಜನ ಇರಲಿಲ್ಲವೋ, ಇದ್ದವರನ್ನು ಓಡಿಸಿದ್ದೋ?

ಉಳಿದ ಕಾರಣಗಳೂ ಇವೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಮಿನಿ ಬಸ್ಸೇ ಗತಿ. ಎಷ್ಟೇ ಹೊಸದಿದ್ದರೂ ಉದ್ದದ ಬಸ್ಸಿಗೆ ಅಲ್ಲಿ ತಿರುಗಲು ಜಾಗ ಇಲ್ಲ. ಎಲೆಕ್ಟ್ರಿಕ್ ಬಸ್ ಆದರೆ ಚಾರ್ಜ್ ಮಾಡಲು ವ್ಯವಸ್ಥೆ ಇರುವ ದಾರಿಯಲ್ಲೇ ಓಡಬೇಕು. ಒಂದೇ ಕಂಪನಿಯ ಬಸ್ಸುಗಳನ್ನು ಒಂದೇ ಡಿಪೋದಲ್ಲಿ ಇಟ್ಟರೆ ಬಿಡಿಭಾಗ, ರಿಪೇರಿ ಸುಲಭ. ಶಾಸಕರ ಪತ್ರದ ಬಲ ನಿಮಗೇ ಗೊತ್ತು, ಬಿಡಿ. ಒಂದು ಸಮಾಧಾನದ ಸುದ್ದಿ ಅಂದರೆ, 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ಆಗುವುದಿಲ್ಲ. ಸಾರಿಗೆ ನಿಗಮದ ಬಸ್ಸಿಗೂ ಈ ನಿಯಮ ಇದೆ. ಅಷ್ಟರಮಟ್ಟಿಗೆ ತೀರಾ ಅಜ್ಜನ ಕಾಲದ ಬಸ್ ನಿಮ್ಮ ಪಾಲಿಗೆ ಬರಲಾರದು.

ಈಗ ನೀವು ಮಾಡಬಹುದಾದ್ದು. ‘ಹೊಸ ಬಸ್ ಕೊಡಿ’ ಅಂತ ಬರೆಯಬೇಡಿ, ಅದು ಫೈಲಿಗೆ ಹೋಗಿ ಮಲಗುತ್ತದೆ. ಕಂಡಕ್ಟರನ್ನು ಕೇಳಿ ಶೆಡ್ಯೂಲ್ ನಂಬರ್ ತಿಳಿದುಕೊಳ್ಳಿ. ಒಂದು ತಿಂಗಳು ನೋಟ್‌ಬುಕ್ ಇಡಿ: ಯಾವ ದಿನ ಬಸ್ ಬರಲಿಲ್ಲ, ಯಾವ ದಿನ ಕೆಟ್ಟಿತು, ಪಾಸಿನ ಮಕ್ಕಳು ಎಷ್ಟು. ಅದನ್ನು ವಿಭಾಗೀಯ ನಿಯಂತ್ರಣಾಧಿಕಾರಿಗೆ ಕಳಿಸಿ. ಜೊತೆಗೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಆ ಶೆಡ್ಯೂಲ್‌ನ ವರ್ಷದ ಇಪಿಕೆಎಂ, ರದ್ದಾದ ಟ್ರಿಪ್‌ಗಳ ಲೆಕ್ಕ ಕೇಳಿ. ಸೋರುವ ಚಾವಣಿಗಂತೂ ಹೊಸ ಬಸ್ಸೇ ಬೇಕಿಲ್ಲ, ಡಿಪೋದಲ್ಲೇ ತಗಡು ಬದಲಿಸಿ ಸರಿ ಮಾಡಬಹುದು. ಅದನ್ನು ಬೇರೆ ಅರ್ಜಿಯಲ್ಲಿ, ಮಳೆ ಹಿಡಿಯುವ ಮೊದಲೇ ಬರೆಯಿರಿ. ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳಿಸಿ, ಇದೇ ಅಂಕಣದಲ್ಲಿ ಹಾಕುತ್ತೇವೆ.

– ಸಂಪಾದಕ