ರಕ್ತ ಕರಗಿದ ಮೇಲೂ ಎಂಆರ್‌ಐ ಏಕೆ?

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಎರಡು ತಿಂಗಳ ಹಿಂದೆ ಬಿಪಿ ಏರಿ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಎಡಗೈ ಈಗ ಸ್ವಲ್ಪ ಎತ್ತುತ್ತಾರೆ. ಸಿಟಿ ನೋಡಿ ರಕ್ತ ಕರಗಿದೆ ಎಂದವರೇ ಈಗ ಎಂಆರ್‌ಐ ಬರೆದಿದ್ದಾರೆ. ಬೇಕೇ? ಹೃದಯಕ್ಕೆಂದು ನುಂಗುತ್ತಿದ್ದ ಆಸ್ಪಿರಿನ್ ನಿಲ್ಲಿಸಿದ್ದಾರೆ. ಮತ್ತೆ ಶುರು ಮಾಡಬಹುದೇ?
– ಓದುಗರು, ದಾವಣಗೆರೆ

ಉತ್ತರ: ಖಂಡಿತ ಮಾಡಿಸಿ. ಸಿಟಿಯಲ್ಲಿ ಹೊಸ ರಕ್ತ ಬೆಳ್ಳಗೆ ಎದ್ದು ಕಾಣುತ್ತದೆ. ಕೆಲವು ವಾರಗಳಲ್ಲಿ ಆ ಬಿಳುಪು ಮಾಸಿಹೋಗುತ್ತದೆ. ಹಿಂದೆಂದೋ ಗೊತ್ತಾಗದೆ ಆದ ಸಣ್ಣ ಸೋರಿಕೆಗಳಂತೂ ಸಿಟಿಗೆ ಸಿಗುವುದೇ ಇಲ್ಲ. ಆದರೆ ಸೋರಿದ ರಕ್ತದ ಕಬ್ಬಿಣ ಅಲ್ಲೇ ವರ್ಷಗಟ್ಟಲೆ ಉಳಿಯುತ್ತದೆ. ಎಂಆರ್‌ಐನ 'ಎಸ್‌ಡಬ್ಲ್ಯುಐ' ಚಿತ್ರಗಳಲ್ಲಿ ಅದು ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ.

ಚುಕ್ಕೆ ಎಲ್ಲಿದೆ ಎಂಬುದೇ ಮುಖ್ಯ. ಮೆದುಳಿನ ಆಳದಲ್ಲಿದ್ದರೆ ಸಾಮಾನ್ಯವಾಗಿ ಬಿಪಿಯ ಕೆಲಸ. ಬಿಪಿ ಹಿಡಿತಕ್ಕೆ ಬಂದರೆ ಅಪಾಯವೂ ಇಳಿಯುತ್ತದೆ. ಹೊರಪದರದ ಹತ್ತಿರವೇ ಗುಂಪುಗೂಡಿದ್ದರೆ, ವಯಸ್ಸಾದವರಲ್ಲಿ, ರಕ್ತನಾಳದ ಗೋಡೆಯಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಕೂತಿರುವ ಅನುಮಾನ. ಇಂಥವರಿಗೆ ಮತ್ತೆ ರಕ್ತಸ್ರಾವವಾಗುವ ಸಂಭವ ಹೆಚ್ಚು. ಮೆದುಳಿನ ಮೇಲ್ಮೈಯುದ್ದಕ್ಕೂ ಕಪ್ಪು ಗೆರೆ ಕಂಡರೆ ಇನ್ನೂ ಎಚ್ಚರ ಬೇಕು.

'ಡಿಡಬ್ಲ್ಯುಐ' ಚಿತ್ರಗಳು ಹೊಸದಾಗಿ ರಕ್ತ ಪೂರೈಕೆ ನಿಂತು ಸತ್ತ ಸಣ್ಣ ಜಾಗಗಳನ್ನು ತೋರಿಸುತ್ತವೆ. ರಕ್ತಸ್ರಾವವಾದವರಲ್ಲೂ ಇಂಥವು ಸಿಗುತ್ತವೆ, ಸಿಕ್ಕವರಲ್ಲಿ ಮುಂದೆ ಲಕ್ವ ಹೊಡೆಯುವ ಸಂಭವ ಹೆಚ್ಚು. ಆದರೆ ಈ ಗುರುತು ಸುಮಾರು ಎರಡು ವಾರದಲ್ಲಿ ಮಾಸುತ್ತದೆ. ನಿಮ್ಮ ತಂದೆಗೆ ಆ ಸಮಯ ಮೀರಿದೆ, ಎಸ್‌ಡಬ್ಲ್ಯುಐಗೆ ಮೀರಿಲ್ಲ. ಚೀಟಿಯಲ್ಲಿ ಆ ಹೆಸರು ಬರೆದಿದೆಯೇ ನೋಡಿಕೊಳ್ಳಿ, ಬಿಟ್ಟುಹೋದರೆ ಹೋದ ಕೆಲಸವೇ ಆಗುವುದಿಲ್ಲ. ಪೇಸ್‌ಮೇಕರ್ ಅಥವಾ ತಲೆಯೊಳಗೆ ರಕ್ತನಾಳಕ್ಕೆ ಆಪರೇಷನ್‌ನಲ್ಲಿ ಹಾಕಿದ ಕ್ಲಿಪ್ ಇದ್ದರೆ ಮೊದಲೇ ಹೇಳಿ. ಸ್ಟೆಂಟ್ ಇದ್ದರೆ ಅದರ ಕಾರ್ಡು ಒಯ್ಯಿರಿ. ಫಿಲ್ಮ್ ಜೊತೆ ಸಿಡಿಯನ್ನೂ ಕೇಳಿ ಪಡೆಯಿರಿ, ಮುಂದಿನ ಸ್ಕ್ಯಾನಿಂಗ್ ಜೊತೆ ಹೋಲಿಸಲು ಅದೇ ಬೇಕಾಗುತ್ತದೆ.

ಆಸ್ಪಿರಿನ್ ವಿಷಯ: 2019ರಲ್ಲಿ ಪ್ರಕಟವಾದ ಬ್ರಿಟನ್ನಿನ 'ರೀಸ್ಟಾರ್ಟ್' ಅಧ್ಯಯನದಲ್ಲಿ ಇಂಥ 537 ಜನರಿದ್ದರು. ಆಸ್ಪಿರಿನ್‌ನಂಥ ಮಾತ್ರೆ ಮತ್ತೆ ಶುರು ಮಾಡಿದವರಲ್ಲಿ ರಕ್ತಸ್ರಾವ ಹೆಚ್ಚಾಗಲಿಲ್ಲ. ಹಾಗೆಂದು ನೀವಾಗಿಯೇ ಕೊಡಬೇಡಿ. ಹೊರಪದರದ ಚುಕ್ಕೆ, ಗೆರೆಗಳಿದ್ದವರಿಗೆ ಲೆಕ್ಕವೇ ಬೇರೆ. ಸ್ಕ್ಯಾನಿಂಗ್ ಹಿಡಿದು ನರರೋಗ ಮತ್ತು ಹೃದಯ ತಜ್ಞರಿಬ್ಬರನ್ನೂ ಕೇಳಿ.

ಪ್ರಶ್ನೆ: ಅಮ್ಮನಿಗೂ ಹೀಗೇ ರಕ್ತಸ್ರಾವವಾಗಿತ್ತು. ಮನೆಯ ಮಿಷನ್ನಿನಲ್ಲಿ ಬಿಪಿ ಒಮ್ಮೆ 152, ಒಮ್ಮೆ 128. ಯಾವುದನ್ನು ನಂಬುವುದು?
– ಓದುಗರು, ಹೊಳಲ್ಕೆರೆ

ಉತ್ತರ: ಒಂದನ್ನೇ ನಂಬಬೇಡಿ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಪಾದ ನೆಲಕ್ಕೂರಿ, ಐದು ನಿಮಿಷ ಮಾತಿಲ್ಲದೆ ಕೂರಿಸಿ. ಪಟ್ಟಿ ಬರಿಯ ತೋಳಿಗೆ ಕಟ್ಟಿ, ತೋಳು ಎದೆಯ ಮಟ್ಟದಲ್ಲಿರಲಿ. ರವಿಕೆಯ ತೋಳಿನ ಮೇಲೆ ಕಟ್ಟುವುದು, ಕಾಫಿ ಕುಡಿದ ಕೂಡಲೇ ನೋಡುವುದು – ಸಾಮಾನ್ಯ ತಪ್ಪುಗಳಿವೇ. ಬೆಳಿಗ್ಗೆ ಮಾತ್ರೆಗೆ ಮುಂಚೆ, ಸಂಜೆ ಮತ್ತೊಮ್ಮೆ, ನಿಮಿಷ ಬಿಟ್ಟು ಎರಡೆರಡು ಸಲ ನೋಡಿ ಏಳು ದಿನ ಬರೆದಿಡಿ. ಗುರಿ 130/80ಕ್ಕಿಂತ ಕೆಳಗೆ. ಅಷ್ಟಕ್ಕೆ ಬಂತೆಂದು ಮಾತ್ರೆ ನಿಲ್ಲಿಸಬೇಡಿ, ಬಂದಿರುವುದೇ ಮಾತ್ರೆಯಿಂದ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ. ಉಪ್ಪಿನಕಾಯಿ, ಹಪ್ಪಳ, ಮಿರ್ಚಿಯ ಉಪ್ಪೂ ಅದರೊಳಗೇ ಬರಬೇಕು.

ಮುಖ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಬಾಯಿಗೆ ಏನೂ ಹಾಕದೆ, ಆಸ್ಪಿರಿನ್ ಕೂಡ ಕೊಡದೆ, 108ಕ್ಕೆ ಫೋನ್ ಮಾಡಿ ಸಿಟಿ ಇರುವ ಆಸ್ಪತ್ರೆಗೇ ನೇರ ಹೋಗಿ.